ಹಾಳೆಯ ಹೊರಗಿನ ದೀಪ

ಹಗ್ಗ ಕಂಡು ಹಾವು ಅನ್ನುವ ಜಾತಿ ನನ್ನದಲ್ಲ. ಯಾರಾದರೂ ದೆವ್ವದ ಕಥೆ ಹೇಳಲು ಕೂತರೆ ನಡುವೆ ಬಾಯಿ ಹಾಕಿ ಕಥೆ ಕೆಡಿಸುವ ಚಟ ನನಗೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ, ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ನಡೆದದ್ದು ನಿಜ. ನಡೆಯುವಾಗ ನಾನು ಎಚ್ಚರವಾಗಿದ್ದೆ, ಪಕ್ಕದಲ್ಲಿ ಇನ್ನೊಬ್ಬರೂ ಇದ್ದರು.

ನನ್ನ ಹೆಸರು ರಫೀಕ್. ಕಡಬದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ದಿನೇಶ ಮತ್ತು ನಾನು ಒಟ್ಟಿಗೇ ಅಲ್ಲಿ ಕೆಲಸಕ್ಕೆ ಸೇರಿದವರು. ಅವನು ಕಂಪ್ಯೂಟರಿಗೂ ಸೈ, ಏಣಿ ಹತ್ತಿ ಫ್ಲೆಕ್ಸ್ ಕಟ್ಟಲಿಕ್ಕೂ ಸೈ. ನನಗೆ ಏಣಿಯ ಎರಡನೇ ಮೆಟ್ಟಿಲಲ್ಲೇ ತಲೆ ತಿರುಗುತ್ತದೆ.

ನಾವು ಬಳಸುವ ಡ್ರಾಯಿಂಗ್ ಸಾಫ್ಟ್‌ವೇರ್ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪರದೆಯ ನಡುವೆ ಒಂದು ಬಿಳಿ ಹಾಳೆ ಇರುತ್ತದೆ. ಪ್ರಿಂಟ್ ಆಗುವುದು ಅದರ ಮೇಲಿರುವುದು ಮಾತ್ರ. ಹಾಳೆಯ ಸುತ್ತ ದೊಡ್ಡ ಖಾಲಿ ಬಯಲು. ಬೇಡವಾದ ಫೋಟೋ, ಹೂವು, ಅಕ್ಷರಗಳನ್ನೆಲ್ಲ ಆ ಬಯಲಿಗೆ ಎಳೆದು ಹಾಕುತ್ತೇವೆ.

ಆ ಬಯಲಿನಲ್ಲಿ ದಾರಿ ತಪ್ಪದೆ ಓಡಾಡುವುದೇ ಒಂದು ವಿದ್ಯೆ. ನಾನು ಹೊಸಬನಾಗಿದ್ದಾಗ ಅಂಚಿನ ಪಟ್ಟಿಯನ್ನು ಎಳೆದು ಎಳೆದು ಹುಡುಕುತ್ತಿದ್ದೆ. ದಿನೇಶನಿಗೆ ನೋಡಿ ನೋಡಿ ಸಿಟ್ಟು ಬರುತ್ತಿತ್ತು.

“ಎಂತ ಮಾರಾಯ, ಕಡಬದಿಂದ ಪುತ್ತೂರಿಗೆ ನಡ್ಕೊಂಡು ಹೋಗುದಾ ನೀನು? ಮೌಸಿನ ಚಕ್ರ ತಿರುಗಿಸು, ಬಾಣ ಎಲ್ಲಿ ಉಂಟೋ ಅಲ್ಲಿಗೇ ಹತ್ತಿರ ಹೋಗ್ತದೆ. ಚಕ್ರ ಒತ್ತಿ ಹಿಡ್ಕೊ, ಬಯಲನ್ನೇ ಎಳೀಬಹುದು. ಎಲ್ಲಿದ್ದೇನೆ ಅಂತ ಗೊತ್ತಾಗದಿದ್ರೆ ಎಫ್-ಫೋರ್ ಒತ್ತು.”

ಆ ಕೀ ಒತ್ತಿದರೆ ಫೈಲಿನಲ್ಲಿರುವ ಎಲ್ಲವೂ ಒಮ್ಮೆಗೇ ಪರದೆಯೊಳಗೆ ಹಿಡಿಯುವಂತೆ ನೋಟ ಹಿಂದೆ ಸರಿಯುತ್ತದೆ. ಹಾಳೆಯ ಮೇಲಿನ ಕೆಲಸ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದೇ ಪರದೆ ತುಂಬುತ್ತದೆ. ಎಲ್ಲೋ ದೂರದಲ್ಲಿ ಒಂದು ಚೂರು ಬಿದ್ದಿದ್ದರೂ ನಮ್ಮ ಕೆಲಸ ಸಣ್ಣದಾಗಿ ಮೂಲೆಗೆ ಸೇರುತ್ತದೆ. ಬಿದ್ದ ಚೂರು ದೂರವಿದ್ದಷ್ಟೂ ಕೆಲಸ ಸಣ್ಣದು.

ಇದು ನಡೆದ ದಿನ ಸಂಜೆ ದಿನೇಶ ಕೆಸರುಗದ್ದೆ ಕ್ರೀಡಾಕೂಟದ ಫ್ಲೆಕ್ಸ್ ಕಟ್ಟಲು ಹೊಳೆಯ ಸೇತುವೆಯ ಹತ್ತಿರ ಹೋದವನು ಮರಳಲಿಲ್ಲ. ಕುಮಾರಧಾರೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಸೇತುವೆಯ ಬದಿಯಲ್ಲಿ ಅವನ ಬೈಕು ಇತ್ತು. ಏಣಿ ಕಂಬಕ್ಕೆ ಒರಗಿಕೊಂಡಿತ್ತು. ಫ್ಲೆಕ್ಸಿನ ಮೂರು ಮೂಲೆ ಕಟ್ಟಿ ಒಂದು ಮೂಲೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅವನು ಬಿದ್ದದ್ದನ್ನು ನೋಡಿದವರು ಯಾರೂ ಇಲ್ಲ.

ಕತ್ತಲಾದ ಮೇಲೆ ಹುಡುಕುತ್ತಿದ್ದ ಈಜುಗಾರರು ದೋಣಿಯನ್ನು ದಡಕ್ಕೆ ಎಳೆದು ಹುಡುಕಾಟ ನಿಲ್ಲಿಸಿದರು. ಊರಿನ ಕೆಲವರು ಮಾತ್ರ ಟಾರ್ಚು ಹಿಡಿದು ದಡದಲ್ಲೇ ಉಳಿದರು. ನಾನು ಅಂಗಡಿಗೆ ಬಂದು ಸುಮ್ಮನೆ ಕೂತಿದ್ದೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ.

ಆಗ ದಿನೇಶನ ಅಣ್ಣ ಪದ್ಮಯ್ಯ ಬಂದರು. ಲುಂಗಿಯೆಲ್ಲ ಒದ್ದೆ, ಮೊಣಕಾಲಿನವರೆಗೆ ಕೆಸರು.

“ರಫೀಕ್, ಒಂದು ಫ್ಲೆಕ್ಸ್ ಆಗ್ಬೇಕು. ‘ಕಾಣೆಯಾಗಿದ್ದಾನೆ’ ಅಂತ. ಬೆಳಿಗ್ಗೆ ಉಪ್ಪಿನಂಗಡಿ, ಪುತ್ತೂರು, ಸುಳ್ಯ ಎಲ್ಲ ಕಡೆ ಕಟ್ಟುವ.”

“ಪದ್ಮಯ್ಯಣ್ಣ... ಹೊಳೆ ಹಾಗೆ ಬರ್ತಾ ಉಂಟು...”

“ನನಗೂ ಗೊತ್ತುಂಟು ಮಾರಾಯ. ಅಮ್ಮ ಕೇಳುದಿಲ್ಲ. ತಲೆಗೆ ಪೆಟ್ಟಾಗಿ ಎಲ್ಲಿಯಾದ್ರೂ ಕೂತಿರ್ಬಹುದು, ಬಸ್ ಹತ್ತಿ ಹೋಗಿರ್ಬಹುದು ಅಂತ ಹೇಳ್ತಾರೆ. ಮಾಡು. ನಮಗೂ ಬೇರೆ ಎಂತ ಉಂಟು ಮಾಡ್ಲಿಕ್ಕೆ?”

ನಮ್ಮ ಅಂಗಡಿಗಳಲ್ಲಿ ಹೊಸ ಫೈಲು ತೆರೆಯುವ ಪದ್ಧತಿ ಇಲ್ಲ. ಹಳೆಯದನ್ನು ತೆರೆದು ಫೋಟೋ, ಹೆಸರು ಬದಲಿಸಿ ಬೇರೆ ಹೆಸರಿನಲ್ಲಿ ಉಳಿಸುವುದು. ಮದುವೆಯದ್ದು ಗೃಹಪ್ರವೇಶವಾಗುತ್ತದೆ, ಗೃಹಪ್ರವೇಶದ್ದು ಹುಟ್ಟುಹಬ್ಬ. ನಡುವೆ ಒಂದು ದೊಡ್ಡ ಫೋಟೋ, ಕೆಳಗೆ ಹೆಸರು, ಊರು ಇರುವ ಫೈಲು ಬೇಕಿತ್ತು. ತಲೆ ಓಡುತ್ತಿರಲಿಲ್ಲ. ಮೊದಲು ಸಿಕ್ಕಿದ್ದನ್ನು ತೆರೆದೆ.

ಅದು ಶ್ರದ್ಧಾಂಜಲಿಯ ಫೈಲು.

ಬೇರೆ ದಿನವಾಗಿದ್ದರೆ ಅದೇನೂ ದೊಡ್ಡ ಸಂಗತಿಯಲ್ಲ. ಆ ದಿನ ಅದು ಪದ್ಮಯ್ಯಣ್ಣನಿಗೆ ಕಾಣಬಾರದೆಂದು ಬೇಗ ಬೇಗ ಹಾರ, ಅಕ್ಷರ, ಫೋಟೋದ ಕೆಳಗೆ ಉರಿಯುವ ದೀಪದ ಚಿತ್ರ ಎಲ್ಲವನ್ನೂ ಅಳಿಸಿದೆ. ಬದಿಗೆ ಎಳೆದು ಹಾಕಲಿಲ್ಲ, ಅಳಿಸಿಯೇ ಬಿಟ್ಟೆ. ದಿನೇಶನ ಫೋಟೋ ಕೂರಿಸಿ, ಕಾಣೆಯಾಗಿದ್ದಾನೆ ಎಂದು ಬರೆದು, ಎಲ್ಲ ಸರಿಯಾಗಿದೆಯೇ ನೋಡಲು ಎಫ್-ಫೋರ್ ಒತ್ತಿದೆ.

ಪೋಸ್ಟರ್ ಒಂದು ಚುಕ್ಕೆಯಾಗಿ ಮೂಲೆಗೆ ಹೋಯಿತು...

ಬಯಲಿನ ಇನ್ನೊಂದು ತುದಿಯಲ್ಲಿ ಏನೋ ಇದೆ ಎಂದಾಯಿತು. ಎದುರಿನ ಮೂಲೆಗೆ ಬಾಣವಿಟ್ಟು ಚಕ್ರ ತಿರುಗಿಸಿದೆ. ಹತ್ತಿರ, ಇನ್ನೂ ಹತ್ತಿರ... ಬರೀ ಬಿಳಿ. ಬಣ್ಣವೆಲ್ಲ ತೆಗೆದು ಗೆರೆಗಳು ಮಾತ್ರ ಕಾಣುವ ನೋಟಕ್ಕೆ ಹೋದೆ. ಅಲ್ಲೂ ಏನಿಲ್ಲ. ಇರಲಿ, ಸಾಫ್ಟ್‌ವೇರಿಗೂ ಒಮ್ಮೊಮ್ಮೆ ಮಂಡೆ ಸರಿ ಇರುವುದಿಲ್ಲ ಎಂದುಕೊಂಡು ಮತ್ತೆ ಎಫ್-ಫೋರ್ ಒತ್ತಿದೆ.

ಈಗ ಪೋಸ್ಟರ್ ಅಕ್ಕಿಕಾಳಿನಷ್ಟಿತ್ತು.

ನಾನು ಏನನ್ನೂ ಮುಟ್ಟಿರಲಿಲ್ಲ. ಮತ್ತೊಮ್ಮೆ ಒತ್ತಿದೆ. ಅಡಿಕೆಯಷ್ಟು... ಸ್ವಲ್ಪ ಬಿಟ್ಟು ಒತ್ತಿದಾಗ ಅಂಗೈಯಷ್ಟು. ಒಳಗೆ ದಿನೇಶನ ಮುಖ ಕಾಣುತ್ತಿತ್ತು, ನಗುತ್ತಿದ್ದ ಫೋಟೋ ಅದು. ನನಗೆ ಅರ್ಥವಾದದ್ದು ಇಷ್ಟೇ. ಆ ಕಾಣದ ವಸ್ತು ಇದ್ದಲ್ಲಿ ಇಲ್ಲ. ಬರುತ್ತಾ ಇದೆ.

ಅಂಗಡಿಯಲ್ಲಿ ಯಾವಾಗಲೂ ಶಾಯಿಯ ಘಾಟು ಇರುತ್ತದೆ, ನಮಗೆ ಅದು ಮೂಗಿಗೆ ಹತ್ತುವುದೇ ಇಲ್ಲ. ಆಗ ಅದರ ನಡುವಿನಿಂದ ಬೇರೊಂದು ವಾಸನೆ ಬಂತು. ಎಳ್ಳೆಣ್ಣೆಯಲ್ಲಿ ಬತ್ತಿ ಸುಡುವ ವಾಸನೆ.

“ಎಲ್ಲಿಯಾದ್ರೂ ದೀಪ ಹಚ್ಚಿದ್ದೀಯಾ ರಫೀಕ್?” ಪದ್ಮಯ್ಯಣ್ಣ ಮೆಲ್ಲಗೆ ಕೇಳಿದರು.

“ಇಲ್ಲ.”

“ಎಣ್ಣೆ ವಾಸನೆ ಬರ್ತದಲ್ಲ...”

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಹೊಳೆಯ ದಡದಲ್ಲಿದ್ದ ಅವರ ಭಾವ. ಪದ್ಮಯ್ಯಣ್ಣ ಸ್ಪೀಕರ್ ಹಾಕಿದರು. ನೀರಿನ ಸದ್ದು, ಯಾರ್ಯಾರೋ ಕೂಗುವ ಸದ್ದು, ಅದರ ನಡುವೆ ಭಾವನ ಸ್ವರ.

“ಪದ್ಮಯ್ಯಾ, ಸ್ವರ ಕೇಳ್ತಾ ಉಂಟು! ಸೇತುವೆಯಿಂದ ಕೆಳಗೆ, ಬಿದಿರಿನ ಹಿಂಡಲು, ಆ ದೊಡ್ಡ ಪೊದೆ ಉಂಟಲ್ಲ, ಅಲ್ಲಿಂದ! ಜೀವ ಉಂಟು ಮಾರಾಯ, ಹಿಡ್ಕೊಂಡಿದ್ದಾನೆ! ಹಗ್ಗ ತರ್ಲಿಕ್ಕೆ ಹೋಗಿದ್ದಾರೆ, ಫೋನ್ ಇಡ್ಬೇಡ!”

ಹೊಳೆಗೆ ಓಡಬೇಕೋ ಫೋನು ಹಿಡಿದೇ ಇರಬೇಕೋ ತಿಳಿಯದೆ ಪದ್ಮಯ್ಯಣ್ಣ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಅಳುತ್ತಿದ್ದರು. “ಪ್ರಿಂಟ್ ಬೇಡ, ಬೇಡ ಇನ್ನು” ಎಂದು ನನ್ನ ಬೆನ್ನಿಗೆ ಹೊಡೆದರು. ನನಗೂ ಕಣ್ಣು ತುಂಬಿತು. ಆ ಸಂತೋಷದಲ್ಲೇ ಫೈಲು ಮುಚ್ಚಲು ಪರದೆ ನೋಡಿದೆ.

ನಾನು ಒತ್ತದೆಯೇ ನೋಟ ಬದಲಾಗುತ್ತಿತ್ತು. ಪೋಸ್ಟರ್ ಪರದೆಯ ಮುಕ್ಕಾಲು ತುಂಬಿತ್ತು. ಅದರ ಎಡ ಅಂಚಿನ ಹೊರಗೆ ಮಸುಕಾಗಿ ಹಳದಿ ಬೆಳಕು... ದೀಪದ ಜ್ವಾಲೆಯ ಸುತ್ತ ನಾವು ಹಾಕುವ ಮಂದ ಹಳದಿ.

ಅದಕ್ಕೆ ಹೋಗಬೇಕಾದ ಜಾಗ ಯಾವುದೆಂದು ನನಗೆ ಗೊತ್ತಿತ್ತು. ದಿನೇಶನ ಫೋಟೋದ ಕೆಳಗೆ. ಅಲ್ಲಿ ಹಗ್ಗ ಬರುವವರೆಗೆ ಇಲ್ಲಿ ಇದು ಅವನನ್ನು ಮುಟ್ಟಬಾರದು ಎಂದು ನನಗೆ ಯಾಕೆ ಅನ್ನಿಸಿತೋ, ಕೇಳಬೇಡಿ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಇಡೀ ಪೋಸ್ಟರನ್ನು ಆಯ್ಕೆ ಮಾಡಿ ಬಲಕ್ಕೆ ಎಳೆದೆ.

ಹಳದಿ ಹಿಂದೆ ಉಳಿಯಿತು. ಇನ್ನೂ ಎಳೆದೆ. ಚಕ್ರ ತಿರುಗಿಸಿ ನೋಟ ಹಿಂದೆ ಸರಿಸುವುದು, ಪೋಸ್ಟರ್ ಹಿಡಿದು ಎಳೆಯುವುದು, ಬಯಲನ್ನೇ ಎಳೆದು ಮತ್ತೆ ಮುಂದೆ ಹೋಗುವುದು. ದಿನೇಶ ಕಲಿಸಿದ ಓಟವನ್ನೆಲ್ಲ ಓಡಿದೆ. ಕೊನೆಗೆ ಆ ಬಯಲಿಗೂ ಒಂದು ಗಡಿ ಬಂತು, ಅದರಾಚೆ ಸಾಫ್ಟ್‌ವೇರ್ ಬಿಡಲಿಲ್ಲ. ಅಲ್ಲಿ ಬಿಟ್ಟು ಎಫ್-ಫೋರ್ ಒತ್ತಿದೆ.

ಪೋಸ್ಟರ್ ಮತ್ತೆ ಚುಕ್ಕೆಯಷ್ಟಾಗಿತ್ತು. ಆ ಹಳದಿ ಬೆಳಕು ದೂರ ಹಿಂದೆ ಬಿದ್ದಿತ್ತು. ಎಣ್ಣೆಯ ವಾಸನೆಯೂ ಇಲ್ಲ. ಗೆದ್ದೆ ಅಂತಲೇ ತಿಳಿದೆ.

ಫೋನಿನಲ್ಲಿ ಗಲಾಟೆ ನಿಂತಿತ್ತು.

“ಭಾವಾ? ಎಂತ ಆಯ್ತು? ಸಿಕ್ಕಿದನಾ?” ಪದ್ಮಯ್ಯಣ್ಣ ಕೇಳಿದರು.

ನೀರಿನ ಸದ್ದಿನ ನಡುವೆ ಭಾವ ಅಂದರು, “ಸ್ವರ ದೂರ ಹೋಗ್ತಾ ಉಂಟು ಪದ್ಮಯ್ಯ. ಹಿಂಡಲಿನಲ್ಲಿ ಇಲ್ಲ ಅವ. ನಡು ಹೊಳೆಯಿಂದ ಕರೀತಾನೆ... ಅಲ್ಲ, ಇನ್ನೂ ಆಚೆ... ಟಾರ್ಚು ಮುಟ್ಟುದಿಲ್ಲ...”

ಕಂಟ್ರೋಲ್-ಜೆಡ್ ಒತ್ತಿದೆ. ಮಾಡಿದ್ದನ್ನು ಹಿಂದಕ್ಕೆ ತರುವ ಕೀ ಅದು. ಒತ್ತಿದೆ, ಒತ್ತಿದೆ, ಎಷ್ಟು ಸಲವೋ ಗೊತ್ತಿಲ್ಲ. ಪೋಸ್ಟರ್ ಹಾರಿ ಹಾರಿ ಮರಳಿ ಬಂತು, ಹಾಳೆಯ ಮೇಲೆ ಬಂದು ನಿಂತಿತು, ಪರದೆ ತುಂಬಿತು.

ದಿನೇಶನ ಫೋಟೋದ ಕೆಳಗೆ ದೀಪ ಉರಿಯುತ್ತಿತ್ತು. ಆ ಫೈಲಿನಲ್ಲಿ ಮೊದಲು ಎಲ್ಲಿತ್ತೋ ಅಲ್ಲೇ.

ಫೋನಿನಲ್ಲಿ ಭಾವ ಮತ್ತೆ ಮಾತಾಡಿದರು. “ಈಗ ಸ್ವರ ಕೇಳುದಿಲ್ಲ” ಅಂದರು, ಅಷ್ಟೇ.

ಬೆಳಗಾದ ಮೇಲೆ ದಿನೇಶ ಸಿಕ್ಕಿದ್ದು ಉಪ್ಪಿನಂಗಡಿಯಲ್ಲಿ, ಎರಡು ಹೊಳೆ ಸೇರುವ ಜಾಗವನ್ನೂ ದಾಟಿ. ಜೀವ ಹೋಗಿ ಹೆಚ್ಚು ಹೊತ್ತಾಗಿಲ್ಲ ಎಂದು ಡಾಕ್ಟರು ಹೇಳಿದರು. ಪುತ್ತೂರಿನ ಆಸ್ಪತ್ರೆಯ ಅಂಗಳದಲ್ಲಿ ಪದ್ಮಯ್ಯಣ್ಣ ನನ್ನ ಪಕ್ಕ ಬಂದು ಕೂತರು. ಅವರಿಗೆ ಅಳು ಮುಗಿದಿತ್ತು.

“ಹಗ್ಗ ಎಸೆದ್ರೆ ಸಿಗುವಷ್ಟು ಹತ್ತಿರ ಇದ್ದನಂತೆ ರಫೀಕ್. ನೀರಿನ ಸೆಳೆತ ಆ ಬದಿಯಲ್ಲಿ ಇಲ್ಲವೇ ಇಲ್ಲ. ಯಾರೋ ಹಿಡಿದು ಎಳ್ದ ಹಾಗೆ ಹೋದ ಅಂತ ಭಾವ ಹೇಳ್ತಾನೆ. ಯಾರು ಎಳೀತಾರೆ, ಹೇಳು?”

ನಾನು ಚಹಾ ತರುತ್ತೇನೆಂದು ಎದ್ದು ಹೋದೆ.

ಅಂಗಡಿಯ ಧಣಿಗಳಿಗೆ ಒಮ್ಮೆ ಇದನ್ನೆಲ್ಲ ಹೇಳಿದ್ದೇನೆ. ಅವರು ಕೇಳಿ, “ಕಂಟ್ರೋಲ್-ಜೆಡ್ ಜಾಸ್ತಿ ಒತ್ತಿದ್ರೆ ಅಳಿಸಿದ ದೀಪವೂ ವಾಪಸ್ ಬರ್ತದಲ್ಲ ಮಾರಾಯ, ಅಷ್ಟೇ” ಅಂದರು. ಸರಿಯಾದ ಮಾತು. ಬೇರೆಯವರಿಗಾದರೆ ನಾನೂ ಹಾಗೇ ಹೇಳುತ್ತಿದ್ದೆ. ಹಾಗಿದ್ದರೆ ಅಳಿಸಿದ ಅಕ್ಷರ, ಹಾರ ಯಾಕೆ ಬರಲಿಲ್ಲ? ಪದ್ಮಯ್ಯಣ್ಣನ ಮೂಗಿಗೆ ಬಂದ ವಾಸನೆ ಯಾವುದು? ನಾನು ಎಳೆಯದೆ ಬಿಟ್ಟಿದ್ದರೆ ದೀಪ ಅವನನ್ನು ಮುಟ್ಟುತ್ತಿತ್ತು. ಎಳೆದದ್ದಕ್ಕೆ ಹಗ್ಗ ಮುಟ್ಟಲಿಲ್ಲ. ಎರಡರಲ್ಲಿ ಯಾವುದು ಮಾಡಬೇಕಿತ್ತು ಎಂದು ಯೋಚಿಸಿ ಯೋಚಿಸಿ ನನಗೆ ಸಾಕಾಗಿದೆ. ಅವನು ಉಳಿಯುವ ದಾರಿಯೇ ಇರಲಿಲ್ಲ ಅಂತ ಒಮ್ಮೆ ಅನ್ನಿಸುತ್ತದೆ. ಅದರಿಂದ ಸಮಾಧಾನವೇನೂ ಆಗುವುದಿಲ್ಲ.

ಈಗಲೂ ಅದೇ ಕೆಲಸ ಮಾಡುತ್ತಿದ್ದೇನೆ, ಬೇರೆ ಬರುವುದಿಲ್ಲ. ಮನುಷ್ಯರ ಫೋಟೋ ಒಮ್ಮೆ ಹಾಳೆಯ ಮೇಲೆ ಇಟ್ಟರೆ ಮತ್ತೆ ಸರಿಸುವುದಿಲ್ಲ. ಗಿರಾಕಿಗಳು ಸ್ವಲ್ಪ ಬಲಕ್ಕೆ ಹಾಕಿ ಅಂದರೆ ಏನಾದರೂ ನೆಪ ಹೇಳುತ್ತೇನೆ.

ದಿನೇಶನ ದಹನ ಮುಗಿದ ಸಂಜೆ ನಾನು ಅವನ ಮನೆಗೆ ಹೋಗಿದ್ದೆ. ದಿನೇಶನ ಅಮ್ಮ ಚಾವಡಿಯ ಮೂಲೆಯಲ್ಲಿ ಕೂತಿದ್ದರು. ನನ್ನನ್ನು ಕಂಡವರೇ ಹತ್ತಿರ ಕರೆದು ಮೌಸ್ ಹಿಡಿಯುವ ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ಪದ್ಮಯ್ಯ ಎಲ್ಲ ಹೇಳಿದ ಮಗ. ರಾತ್ರಿಯಿಡೀ ಅವನಿಗೋಸ್ಕರ ಕೂತಿದ್ದಿಯಂತೆ. ನಿನ್ನ ಕೈಲಾದದ್ದು ನೀನು ಮಾಡಿದ್ದಿ.”

ಅವರು ತುಂಬ ಹೊತ್ತು ಆ ಕೈಯನ್ನು ಸವರುತ್ತಿದ್ದರು. ನನಗೆ ಬಿಡಿಸಿಕೊಳ್ಳಲು ಆಗಲಿಲ್ಲ.