ಆರದ ಕೆಂಪು ಲೈಟು

ನಮ್ಮ ಹಳೆಯ ಪಿಕಪ್ಪಿನ ಸ್ಟೇರಿಂಗಿನ ಹಿಂದೆ ಹುಣಸೆಬೀಜದಷ್ಟು ಚಿಕ್ಕ ಕೆಂಪು ಲೈಟೊಂದಿತ್ತು. ಚಾವಿ ತಿರುಗಿಸಿದಾಗ ಅದು ಹೊತ್ತಿಕೊಳ್ಳಬೇಕು, ಇಂಜಿನ್ ಶುರುವಾದ ಕೂಡಲೇ ಆರಬೇಕು. ಆರದಿದ್ದರೆ ಇಂಜಿನ್ನಿನೊಳಗೆ ಆಯಿಲ್ ಹರಿಯುತ್ತಿಲ್ಲ, ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು. ಗಾಡಿ ಓಡಿಸುತ್ತಿದ್ದವನು ನನ್ನ ಸೋದರಮಾವ. ನಾವು ಅವನನ್ನು ಮಾಮಾ ಎನ್ನುತ್ತಿದ್ದೆವು. ಹಿಂದೊಮ್ಮೆ ಬಂದ ಜ್ವರದಲ್ಲಿ ಅವನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಅಷ್ಟಕ್ಕಷ್ಟೆ. ಸ್ಟೇರಿಂಗಿನ ಮೇಲೆ ಅಂಗೈ ಇಟ್ಟು ಇಂಜಿನ್ನಿನ ನಡುಕದಿಂದಲೇ ಅದರ ಆರೋಗ್ಯ ತಿಳಿಯುತ್ತಿದ್ದ. ಉಳಿದದ್ದಕ್ಕೆ ಆ ಲೈಟು. "ನಿಮ್ಮ ಕಿವಿ ತಲಿಮ್ಯಾಲ ಅವ. ನಂದು ಗಾಡ್ಯಾಗ ಅದ" ಎಂದು ನಗುತ್ತಿದ್ದ.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ಕಲಬುರ್ಗಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ನಾನು ನೌಕರಿಗೆ ಅರ್ಜಿ ಹಾಕಿ, ಹುಮನಾಬಾದಿನ ಹತ್ತಿರದ ನಮ್ಮೂರು ಹುಡಗಿಯಲ್ಲಿ ಕಾಯುತ್ತ ಕುಳಿತಿದ್ದೆ. ಪಿಕಪ್ಪು ಅಪ್ಪನದು. ಸುತ್ತಲಿನ ಹೊಲಗಳ ಬದನೆಕಾಯಿ, ಮೆಣಸಿನಕಾಯಿ ತುಂಬಿಕೊಂಡು ಮಾಮಾ ಒಂದು ದಿನ ಹುಮನಾಬಾದಿಗೆ, ಮತ್ತೊಂದು ದಿನ ಬಸವಕಲ್ಯಾಣಕ್ಕೆ ಹೋಗುತ್ತಿದ್ದ. ಮದುವೆಯಾಗದೆ ನಮ್ಮೊಂದಿಗೇ ಇದ್ದ ಅವನಿಗೆ ಆ ಸೀಟು ಕೆಲಸಕ್ಕಿಂತ ಹೆಚ್ಚಿನದಾಗಿತ್ತು. ಅಲ್ಲಿ ಕೂತಾಗ ಯಾರೂ ಅವನನ್ನು ಕಿವುಡ ಎನ್ನುತ್ತಿರಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮಲ್ಲಿ ಗಾಡಿಯನ್ನು ತೊಳೆದು, ಪಾನಾ, ಜಾಕು, ಸುತ್ತಿಗೆ ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಾರೆ. ಆ ದಿನ ಅವುಗಳನ್ನು ಯಾರೂ ಬಳಸುವುದಿಲ್ಲ. ಮಾಮಾ ಆ ಸಾಲಿನ ಕೊನೆಗೆ ಒಂದು ಪುಸ್ತಕವನ್ನೂ ಇಡುತ್ತಿದ್ದ. ಗಾಡಿಯ ಮೊದಲ ಮಾಲಕರು ಕೊಟ್ಟಿದ್ದ ಇಂಗ್ಲಿಷ್ ಪುಸ್ತಕ ಅದು. ಅವನಿಗೆ ಇಂಗ್ಲಿಷ್ ಬಾರದು. ಖಣದ ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡಿರುತ್ತಿದ್ದ, ವರ್ಷಕ್ಕೊಮ್ಮೆ ಪೂಜೆಗೆ ತೆಗೆಯುತ್ತಿದ್ದ. ಇಂಗ್ಲಿಷ್ ಬರುತ್ತಿದ್ದ ನಾನೂ ಅದಕ್ಕೆ ಕೈ ಮುಗಿದಿದ್ದೆ. ಬಿಚ್ಚಿ ನೋಡಿರಲಿಲ್ಲ.

ಆ ವರ್ಷ ಪೂಜೆಗೆ ಮುಂಚೆ ಅವ್ವ ಡ್ಯಾಶ್‌ಬೋರ್ಡಿನ ದೇವರ ಫೋಟೋದ ಮಾತು ತೆಗೆದಳು. ಗೋಂದು ಪ್ರತಿ ಬೇಸಿಗೆಯಲ್ಲೂ ಕರಗಿ ದೇವರು ಮಾಮಾನ ತೊಡೆಯ ಮೇಲೆ ಬೀಳುತ್ತಿದ್ದರು. "ಈ ಸಲ ಸ್ಕ್ರೂ ಹಾಕೋಣ" ಎಂದು ನಾನೇ ಹೇಳಿದೆ. ಸ್ಕೇಲು ಹಿಡಿದು ಫೋಟೋ ಎರಡೂ ಕಡೆಯಿಂದ ಸಮ ಬರುವಂತೆ ಗುರುತು ಹಾಕಿದೆ. ಮೊಳೆಯಿಂದ ತಗಡಿಗೆ ತೂತು ಹೊಡೆದು ನಾಲ್ಕು ಸ್ಕ್ರೂ ತಿರುಗಿಸಿದೆ. ಒಂದು ಕೂದಲಿನಷ್ಟೂ ವಾರೆಯಾಗಿರಲಿಲ್ಲ. ನನಗೆ ಹೆಮ್ಮೆಯೆನಿಸಿತ್ತು.

ಮರುದಿನ ಬನ್ನಿ ಹಬ್ಬ. ಬೆಳಿಗ್ಗೆ ಮಾಮಾ ಚೆಂಡುಹೂವಿನ ಮೂಟೆಗಳೊಂದಿಗೆ ಬಸವಕಲ್ಯಾಣಕ್ಕೆ ಹೊರಟ. ಹೈವೇ ಹತ್ತಿದ ಮೇಲೆ ಒಂದು ಗುಂಡಿ ಹಾರಿದಾಗ ಕೆಂಪು ಲೈಟು ಹೊತ್ತಿಕೊಂಡಿತು. ಅವನು ತಕ್ಷಣ ಇಂಜಿನ್ ಬಂದ್ ಮಾಡಿ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಆಯಿಲ್ ಕಡ್ಡಿ ಎಳೆದು ನೋಡಿದ. ಆಯಿಲ್ ತುಂಬ ಇತ್ತು. ಆದರೂ ಮತ್ತೆ ಶುರು ಮಾಡಲಿಲ್ಲ. ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಪಿಕಪ್ಪನ್ನು ಹುಮನಾಬಾದಿನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ನಿಲ್ಲಿಸಿದ. ಗ್ಯಾರೇಜು ಹಬ್ಬಕ್ಕೆ ಮುಚ್ಚಿತ್ತು. ಶನಿವಾರ ತೆರೆಯುತ್ತದೆ ಎಂದು ತಿಳಿದು ಬಂತು.

ಅವನು ಮನೆಗೆ ಬಂದಾಗ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಅವರೆದುರಿಗೇ ಅಪ್ಪ ಹೇಳಿದ.

"ಕಿವಿ ಕೇಳದವಗ ಇಂಜಿನ್ ಬಡಿಯೂದು ಹ್ಯಾಂಗ ಕೇಳಬೇಕು? ಎಷ್ಟು ದಿನದಿಂದ ಬಡಿಲಾಕತ್ತಿತ್ತೋ ಏನೋ. ಸೋಮವಾರದಿಂದ ಚಿಟಗುಪ್ಪದ ಡ್ರೈವರ್ ಬರ್ತಾನ. ನೀ ಹೊಲ ನೋಡ್ಕೋ."

ಮಾಮಾ ಹಿತ್ತಲಿಗೆ ನಡೆದ. ಆ ಸಂಜೆ ಎಲ್ಲರೂ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಕಾಲು ಮುಟ್ಟುವಾಗ ಅವನು ಹಿತ್ತಲಲ್ಲೇ ಉಳಿದ. ಅವನ ಪಾಲಿನ ಎಲೆಗಳನ್ನು ಅವ್ವ ದೇವರ ಮಾಡದಲ್ಲಿ ಎತ್ತಿಟ್ಟಳು.

ಅವಸರದಲ್ಲಿ ಪುಸ್ತಕ ಗಾಡಿಗೆ ಹೋಗದೆ ಪೂಜೆಯ ಚಾಪೆಯ ಬಳಿಯೇ ಉಳಿದಿತ್ತು. ಮರುದಿನ ನಾನು ಖಣ ಬಿಚ್ಚಿದೆ. ಹಾಳೆಗಳ ಅಂಚಿಗೆ ಎಷ್ಟೋ ವರ್ಷಗಳ ಅರಿಶಿನ, ಕುಂಕುಮ ಅಂಟಿತ್ತು. ಕೊನೆಯಲ್ಲಿ ವಾಯರುಗಳ ನಕ್ಷೆಯೊಂದಿತ್ತು. ಕೆಂಪು ಲೈಟಿನಿಂದ ಒಂದೇ ವಾಯರ್ ಹೊರಟು ಇಂಜಿನ್ನಿಗೆ ಕೂರಿಸಿದ ಸಣ್ಣ ಸ್ವಿಚ್ಚಿಗೆ ಹೋಗುತ್ತದೆ. ಆಯಿಲಿನ ಒತ್ತಡವಿಲ್ಲದಾಗ ಸ್ವಿಚ್ಚು ಆ ವಾಯರನ್ನು ಇಂಜಿನ್ನಿನ ಕಬ್ಬಿಣಕ್ಕೆ ಸೇರಿಸುತ್ತದೆ, ಲೈಟು ಹೊತ್ತುತ್ತದೆ. ಒತ್ತಡ ಬಂದರೆ ಬಿಡಿಸುತ್ತದೆ, ಲೈಟು ಆರುತ್ತದೆ. ಇಷ್ಟೇ. ಹಾಗಿದ್ದರೆ ವಾಯರು ದಾರಿಯಲ್ಲಿ ಬೇರೆಲ್ಲಿಯಾದರೂ ಗಾಡಿಯ ತಗಡಿಗೆ ತಾಗಿದರೂ ಲೈಟು ಹೊತ್ತಲೇಬೇಕು. ಅದನ್ನು ತಿಳಿಯಲು ಇಂಜಿನ್ ಬಿಚ್ಚಬೇಕಾಗಿಲ್ಲ.

ಶನಿವಾರ ನಾನೂ ಬರುತ್ತೇನೆ ಎಂದೆ. ಮಾಮಾ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಆಗಲಿ ಎಂಬಂತೆ ತಲೆಯಾಡಿಸಿದ.

ಗ್ಯಾರೇಜಿನ ಮಿಸ್ತ್ರಿ ವಯಸ್ಸಾದವರು. ಬಾನೆಟ್ಟಿಗೆ ಒರಗಿ ಚಹಾ ಕುಡಿಯುತ್ತಿದ್ದರು.

"ಏನ್ ಮಾಮು, ಈ ಸಲ ವಕೀಲರ್ನ ಕರ್ಕೊಂಡು ಬಂದೀರಿ?"

"ವಕೀಲ ಅಲ್ರಿ, ಡಾಕ್ಟರ್. ಗಾಡಿ ಡಾಕ್ಟರ್" ಎಂದ ಮಾಮಾ.

"ಬತ್ತಿ ಹತ್ತಿದ ಮ್ಯಾಲ ಶುರು ಮಾಡಾಂಗಿಲ್ಲ. ಇಂಜಿನ್ ಬಿಚ್ಚಬೇಕು. ಎಂಟು ದಿನ ಹಿಡೀತಾದ" ಎಂದರು ಮಿಸ್ತ್ರಿ.

ಅಪರಿಚಿತರೊಡನೆ ಮಾತಾಡುವುದು ನನಗೆ ಯಾವತ್ತೂ ಕಷ್ಟ. ಮನೆಯಿಂದಲೇ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. "ಬಿಚ್ಚೂಕಿಂತ ಮೊದಲ ಆ ಸ್ವಿಚ್ಚಿನ ವಾಯರ್ ಕಿತ್ತು ಚಾವಿ ತಿರುಗಿಸಿ ನೋಡ್ರಿ."

"ವಾಯರ್ ಕಿತ್ರ ಬತ್ತಿ ಆರೇ ಆರ್ತಾದ, ಬೇಟಿ. ಅದ್ರಾಗ ನೋಡೂದೇನದ?"

"ಆರದಿದ್ರ?"

ಅವರು ನಕ್ಕು, ಚಹಾದ ಲೋಟ ಕೆಳಗಿಟ್ಟು ವಾಯರ್ ಎಳೆದರು. ಮಾಮಾ ಚಾವಿ ತಿರುಗಿಸಿದ. ಲೈಟು ಹೊತ್ತಿಕೊಂಡೇ ಇತ್ತು.

"ಯಾ ಅಲ್ಲಾ! ವಾಯರ್ ನನ್ನ ಕೈಯಾಗ ಅದ, ಬತ್ತಿ ಅಲ್ಲಿ ಉರಿಲಾಕತ್ತಾದ!"

ಅಲ್ಲಿಂದ ಮುಂದೆ ಅವರು ನನ್ನನ್ನು ಚೇಷ್ಟೆ ಮಾಡಲಿಲ್ಲ. ಆಯಿಲ್ ನಿಜವಾಗಿಯೂ ಮೇಲೇರುತ್ತಿದೆಯೇ ಎಂದು ನೋಡಲು ಸ್ವಿಚ್ಚನ್ನೇ ಬಿಚ್ಚಿ, ಮಾಮಾನಿಗೆ ಒಂದು ಕ್ಷಣ ಸೆಲ್ಫ್ ಹೊಡೆಯಲು ಸನ್ನೆ ಮಾಡಿದರು. ತೂತಿನಿಂದ ಆಯಿಲ್ ಚಿಮ್ಮಿ ಅವರ ಗಡ್ಡದವರೆಗೂ ಬಂತು. "ಒತ್ತಡ ಭಾರಿ ಅದ" ಎಂದು ಗಡ್ಡ ಒರೆಸಿಕೊಂಡು ಸ್ವಿಚ್ಚನ್ನು ಮತ್ತೆ ಕೂರಿಸಿದರು. "ಇಂಜಿನ್ ಪೈಲ್ವಾನ್ ಇದ್ದಾಂಗ ಅದ."

ಇನ್ನು ವಾಯರಿನ ದಾರಿ ಹುಡುಕುವುದಷ್ಟೇ ಉಳಿದಿತ್ತು. ಡ್ಯಾಶ್‌ಬೋರ್ಡಿನ ಹಿಂದಿನ ಸಂದಿಯಲ್ಲಿ ಅವರ ಕೈ ಹಿಡಿಸಲಿಲ್ಲ. ನಾನು ಬಳೆ ಮೇಲೆ ಸರಿಸಿ ಕೈ ತೂರಿಸಿದೆ. ವಾಯರುಗಳ ಕಟ್ಟೊಂದು ಸಿಕ್ಕಿತು. ಅದರ ಜಾಡು ಹಿಡಿದು ಹೋದ ಬೆರಳಿಗೆ ಚೂಪಾದದ್ದೇನೋ ಚುಚ್ಚಿತು. ಗುಂಡಿ ಹಾರಿದ ಏಟಿಗೆ ಅದು ವಾಯರಿನ ರಬ್ಬರು ಸೀಳಿ ಒಳಗೆ ಹೋಗಿತ್ತು. ನೋಡದೆಯೇ ಅದೇನೆಂದು ನನಗೆ ತಿಳಿಯಿತು. ಫೋಟೋದ ಕೆಳಗಿನ ಎಡ ಸ್ಕ್ರೂ. ಸಣ್ಣವು ಸಿಗದೆ ಬಾಗಿಲ ತಿರುಗಣಿಯ ಉದ್ದ ಸ್ಕ್ರೂಗಳನ್ನೇ ಹಾಕಿದ್ದೆ. ಮುಂದಿನಿಂದ ಅಷ್ಟೆಲ್ಲ ಅಳೆದವಳು ಹಿಂದೆ ಏನಿದೆ ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಸ್ಕ್ರೂ ತಿರುಗಿಸಿ ತೆಗೆದೆ. ಲೈಟಿನ ಕಡೆ ಬಗ್ಗಿದ್ದ ಮಿಸ್ತ್ರಿ "ಆರ್ತು! ಆರ್ತು!" ಎಂದು ಕೂಗಿದರು. ಮಾಮಾ ಸೀಟಿನಲ್ಲೇ ಇದ್ದ, ನಾನು ಅವನ ಎಡಗಡೆ.

"ಮಾಮಾ, ಈ ಸ್ಕ್ರೂ ಹಾಕಿದಾಕಿ ನಾನು" ಎಂದು ಮೆಲ್ಲಗೆ ಹೇಳಿದೆ.

ಅವನು ಲೈಟನ್ನೇ ನೋಡುತ್ತಿದ್ದ. ಕೇಳಿಸಿರಲಿಲ್ಲ. ಎರಡನೆಯ ಸಲ ಗ್ಯಾರೇಜಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಬೇಕಾಯಿತು. "ತಪ್ಪು ನಂದು, ಮಾಮಾ! ಸ್ಕ್ರೂ ನಾನ ಹಾಕಿದ್ದು!" ಪಕ್ಕದ ಸೈಕಲ್ ಅಂಗಡಿಯವನೂ ತಿರುಗಿ ನೋಡಿದ.

ಮಾಮಾ ನನ್ನ ಅಂಗೈಯ ಸ್ಕ್ರೂ ನೋಡಿದ, ಫೋಟೋ ನೋಡಿದ. "ಅದಕ್ಕ ದೇವರು ಈ ಸಲ ಅಷ್ಟು ಗಟ್ಟಿ ಕುಂತಾನ" ಎಂದ. ಮಿಸ್ತ್ರಿ ವಾಯರನ್ನು ಸ್ವಿಚ್ಚಿಗೆ ಮತ್ತೆ ಸಿಕ್ಕಿಸಿದ ಮೇಲೆ ಇಂಜಿನ್ ಶುರು ಮಾಡಿ, ಸ್ಟೇರಿಂಗಿನ ಮೇಲೆ ಅಂಗೈ ಇಟ್ಟು ಅದರ ನಡುಕ ನೋಡಿದ.

ಮನೆಯಲ್ಲಿ ಅಪ್ಪನ ಎದುರು ಅದನ್ನೇ ಮತ್ತೊಮ್ಮೆ ಹೇಳಿದೆ. ಸ್ಕ್ರೂ ಅವನ ಕೈಗೆ ಕೊಟ್ಟೆ. ಅಂದಿನಂತೆಯೇ ಕಟ್ಟೆಯ ಮೇಲೆ ಜನ ಇದ್ದರು. ಅವರೂ ಕೇಳಲಿ ಎಂದೇ ಅಲ್ಲಿ ಹೇಳಿದೆ. ಅಪ್ಪ ಸ್ಕ್ರೂ ತಿರುಗಿಸಿ ತಿರುಗಿಸಿ ನೋಡಿದ.

"ಚಿಟಗುಪ್ಪದವಗ ಬಾ ಅಂದೀನಿ. ಈಗ ಏನಂತ ಹೇಳಲಿ?"

ಬಾಗಿಲಲ್ಲಿದ್ದ ಅವ್ವ ತಡಮಾಡಲಿಲ್ಲ. "ಮಗಳು ಫೇಲ್ ಆಗ್ಯಾಳ, ನನ್ನ ತಮ್ಮ ಪಾಸ್ ಆಗ್ಯಾನ ಅಂತ ಹೇಳ್ರಿ."

ಕಟ್ಟೆಯ ಮೇಲಿನವರು ನಕ್ಕರು. ಅಪ್ಪ ನಗಲಿಲ್ಲ. ಅವ್ವ ದೇವರ ಮಾಡದಿಂದ ಒಣಗಿದ ಬನ್ನಿ ಎಲೆಗಳನ್ನು ತಂದು ಮಾಮಾನ ಕೈಗಿಟ್ಟಳು. ಅವನು ಅವನ್ನು ಅಪ್ಪನಿಗೆ ಕೊಟ್ಟು ಕಾಲು ಮುಟ್ಟಲು ಬಗ್ಗಿದ.

"ಲೇಟಾತ್ರಿ" ಎಂದ.

"ಬಂಗಾರಕ್ಕೇನು ಲೇಟು" ಎಂದು ಅಪ್ಪ ಅವನ ತೋಳು ಹಿಡಿದು ಎಬ್ಬಿಸಿದ. ಆಮೇಲೆ ಬಲಗಡೆಗೆ ಬಂದು ನಿಂತು, ಅವನ ಒಳ್ಳೆಯ ಕಿವಿಯ ಹತ್ತಿರ ಬಾಗಿ, ನಮಗೆ ಕೇಳದಂತೆ ಏನೋ ಹೇಳಿದ.

ಭಾನುವಾರ ನಾನು ಆ ನಕ್ಷೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ. ಮಾಮಾ ಪ್ರತಿ ವಾಯರಿನ ಮೇಲೂ ಬೆರಳಿಟ್ಟು ಓದಿಕೊಂಡ, ಎರಡು ಕಡೆ ನನ್ನನ್ನು ತಿದ್ದಿದ. ಸೋಮವಾರ ಬೆಳಿಗ್ಗೆ ಮೆಣಸಿನಕಾಯಿ ತುಂಬಿದ ಮೇಲೆ ಅಪ್ಪ ತಾನೂ ಹುಮನಾಬಾದಿಗೆ ಬರುತ್ತೇನೆಂದು ಪಕ್ಕದ ಸೀಟು ಹತ್ತಿದ. ಮೂರು ಸ್ಕ್ರೂಗಳ ಮೇಲೆ ಫೋಟೋ ತುಸು ವಾರೆಯಾಗಿತ್ತು. ಮಾಮಾ ಚಾವಿ ತಿರುಗಿಸಿದ. ಲೈಟು ಹೊತ್ತಿತು. ಅಪ್ಪ ಮುಂದೆ ಬಾಗಿ ಅದನ್ನೇ ನೋಡುತ್ತಿದ್ದ. ಇಂಜಿನ್ ಗುಡುಗಿತು, ಲೈಟು ಆರಿತು.

"ಹೋಗೂಣೇನ್ರಿ?" ಎಂದ ಮಾಮಾ.

"ನಡೀ" ಎಂದ ಅಪ್ಪ.