ಬಾಗಿಲು ಗುದ್ದುತ್ತಿದ್ದವನು

ಹುಮನಾಬಾದಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯವನೆಂದರೆ ಎಲ್ಲರಿಗೂ ಅಂಜಿಕೆ. ಹೊಡೆದಾಟವೇ ಅವನ ಕಸುಬು. ಹೋಗುವಾಗ ಬರುವಾಗ ನಮ್ಮ ಬಾಗಿಲು ಗುದ್ದಿ, “ಅಂಜಬ್ಯಾಡ್ರಿ ಆಯಿ, ನಾ ಅದೀನಲ್ಲ” ಅನ್ನುತ್ತಿದ್ದ. ನಾನು ಅಂಜುತ್ತಿದ್ದುದೇ ಅವನಿಗೆ.

ಮೊಬೈಲಿನಲ್ಲಿ ಒಬ್ಬ ಗೂಂಡಾನ ವೆಬ್ ಸೀರೀಸ್ ನೋಡಿ ಅವನಂತೆಯೇ ಮೀಸೆ ತಿರುವುತ್ತಿದ್ದ. ಕೊನೆಯ ಕಂತಿನಲ್ಲಿ ಆ ಗೂಂಡಾನನ್ನು ಅವನ ಮಂದಿಯೇ ಕೊಂದರಂತೆ. ಹೆಣಕ್ಕೆ ಹಿಡಿ ಮಣ್ಣು ಹಾಕಲೂ ಯಾರೂ ಬರಲಿಲ್ಲವಂತೆ. ಅದನ್ನು ನೋಡಿದ ದಿನ ಸಂಜೆ ಇವನು ಬಂದು ನಮ್ಮ ಹೊಸ್ತಿಲ ಬಳಿ ಕೂತ.

“ಆಯಿ, ನಾ ಸತ್ರ ಮಣ್ಣ ಕೊಡಾಕ ಯಾರ ಬರ್ತಾರ್ರಿ?”

“ಯಾರೂ ಬರಂಗಿಲ್ಲ. ನೀ ಬಾಗಿಲ ಗುದ್ದೂದು ಬಿಟ್ರ ನಾ ಬರ್ತೀನಿ.”

ಮರುದಿನ ಸಪ್ಪಳವಿಲ್ಲ. ಕಸ ಹೊಡೆಯಲೆಂದು ಬಾಗಿಲು ತೆಗೆದರೆ ಎದುರಿಗೇ ನಿಂತಿದ್ದ, ಎಷ್ಟು ಹೊತ್ತಿನಿಂದಲೋ.

“ಬರ್ತೀರಿ, ಹೌದಲ್ರಿ?”

ಗುದ್ದುತ್ತಿದ್ದಾಗ ಅವನೆಲ್ಲಿದ್ದಾನೆಂದಾದರೂ ಗೊತ್ತಾಗುತ್ತಿತ್ತು.