ಗೌಡರ ಕಾರಿನ ಸ್ಟಾರ್ಟರ್

ಎಪ್ಪತ್ತೆರಡರ ಬೇಸಿಗೆಯಲ್ಲಿ, ನಿಟ್ಟೂರಿನ ಜಟ್ಟಿಂಗಪ್ಪನ ಹೆಂಡತಿ ವೆಂಕಮ್ಮ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಾಗ ಅವನು ಓಡಿದ್ದು ಒಡೆಯ ಮುಕುಂದಯ್ಯ ಗೌಡರ ಮನೆಗೆ. ಸುತ್ತಲಿಗೆಲ್ಲ ಇದ್ದದ್ದು ಅವರದೊಂದೇ ಕಾರು. ಅಂಗಳದ ಇಳಕಲಿನಲ್ಲಿ, ರಸ್ತೆಗೆ ಮೂತಿ ಮಾಡಿ ನಿಂತಿತ್ತು. ಗೌಡರು ಜಗಲಿಯಿಂದ ಇಳಿಯಲೂ ಇಲ್ಲ.

“ಸ್ಟಾರ್ಟರ್ ಕೆಟ್ಟೋಗದೆ ಕಣೋ. ಗಾಡಿ ಹೊರಡದಿಲ್ಲ.”

ಪಾಪ, ಜಟ್ಟಿಂಗಪ್ಪ ನಂಬಿದ. ಸ್ಟಾರ್ಟರ್ ಅಂದರೆ ಕಾರಿನ ಜೀವವೇ ಇರಬೇಕು ಅಂದುಕೊಂಡ. ಕಂಬಳಿ ಜೋಲಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ಯುವಾಗ ದಾರಿಯಲ್ಲೇ ವೆಂಕಮ್ಮ ತೀರಿಕೊಂಡಳು. ಹೊಟ್ಟೆಯ ಕೂಸೂ ಉಳಿಯಲಿಲ್ಲ.

ಊರೇ ಬೇಡವೆನಿಸಿ ಅವನು ಸಾಗರಕ್ಕೆ ಹೋಗಿ ಸುಬ್ಬಪ್ಪನ ಗ್ಯಾರೇಜು ಸೇರಿದ. ಒಂದು ಬೆಳಿಗ್ಗೆ ಸ್ಟಾರ್ಟರ್ ಬಿಚ್ಚಿಟ್ಟಿದ್ದ ಕಾರನ್ನು ಸುಬ್ಬಪ್ಪ ಇಳಕಲಿಗೆ ತಳ್ಳಿಸಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ. ಇಂಜಿನ್ ಗುರ್ರೆಂದಿತು.

“ಸ್ಟಾರ್ಟರೇ ಇಲ್ಲ, ಹೆಂಗೆ ಹೊರಡ್ತು?” ಜಟ್ಟಿಂಗಪ್ಪ ಬಾಯಿ ಬಿಟ್ಟ.

“ಅಯ್ಯೋ ಮಾರಾಯಾ, ಉರುಳೋವಾಗ ಕ್ಲಚ್ ಬಿಟ್ರೆ ಚಕ್ರವೇ ಇಂಜಿನ್ ತಿರುಗಿಸ್ತದೆ. ಅದಕ್ಕೇ ಅಲ್ವೇನೋ ನಮ್ಮೋರು ಗಾಡೀನ ಇಳಕಲಲ್ಲೇ ನಿಲ್ಸೋದು!”

ಜಟ್ಟಿಂಗಪ್ಪನ ಕಣ್ಣಿಗೆ ಗೌಡರ ಅಂಗಳ ಕಟ್ಟಿತು. ಹಾಳಾದ ಮುಂಡೇಮಗ! ಇಳಕಲಿತ್ತು, ತಳ್ಳಲು ಆಳುಗಳಿದ್ದರು, ಮನಸ್ಸೊಂದಿರಲಿಲ್ಲ. ಇದನ್ನು ಆ ಮನುಷ್ಯನ ಬಾಯಿಂದಲೇ ಹೇಳಿಸದಿದ್ದರೆ ನಾನು ವೆಂಕಮ್ಮನ ಗಂಡನೇ ಅಲ್ಲ ಎಂದು ಹಲ್ಲು ಕಚ್ಚಿದ.

ಎಂಬತ್ತೊಂದರಲ್ಲಿ ಹೊಸನಗರದಲ್ಲಿ ತನ್ನದೇ ಶೆಡ್ಡು ಹಾಕಿದ. ಸಿಟ್ಟು ಮಾತ್ರ ಆರಿರಲಿಲ್ಲ. ಒಂದು ಮಧ್ಯಾಹ್ನ, ಹೊಸ ಬೀಗರನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಟಿದ್ದ ಗೌಡರು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬಂದು ಕೀ ತಿರುಗಿಸಿದರೆ ಬರೀ ಟಕ್, ಟಕ್. ಮೆಕ್ಯಾನಿಕ್ಕನ್ನು ಕರೆದರು. ಅವರಿಗೆ ಇವನ ಗುರುತು ಹತ್ತಲಿಲ್ಲ.

ಜಟ್ಟಿಂಗಪ್ಪ ಹಾರ್ನ್ ಒತ್ತಿದ. ಶೀತ ಹಿಡಿದ ಗಂಟಲಿನಂತೆ ಕೇಳಿಸಿತು. ಬಾನೆಟ್ ಎತ್ತಿದ. ಬ್ಯಾಟರಿ ತಂತಿಯ ತುದಿ ಕಿಲುಬು ಹಿಡಿದು ಸಡಿಲವಾಗಿತ್ತು, ಸ್ಟಾರ್ಟರಿಗೆ ಏನೂ ಆಗಿರಲಿಲ್ಲ. ಸುಮ್ಮನೆ ಬಾನೆಟ್ ಮುಚ್ಚಿದ.

“ಸ್ಟಾರ್ಟರ್ ಕೆಟ್ಟೋಗದೆ ಗೌಡ್ರೇ. ತಳ್ಬೇಕು. ನೀವು ಇಳೀರಿ, ನಾನು ಸ್ಟೇರಿಂಗ್ ಹಿಡೀತೀನಿ.”

ಅಂಗಡಿಯವರು ಕೈ ಹಾಕಲು ಬಂದರೆ ಒಬ್ಬರು ತಳ್ಳಿದರೆ ಸಾಕು ಎಂದು ತಡೆದ. ಬೀಗರು ಇಳಿದು ರಸ್ತೆ ಬದಿಯಲ್ಲಿ ಜೊತೆಗೇ ನಡೆದರು. ಗೌಡರು ಗರಿಗರಿ ಪಂಚೆ ಎತ್ತಿಕಟ್ಟಿ, ಏದುಸಿರು ಬಿಡುತ್ತಾ ತಳ್ಳಿದರು. ಜಟ್ಟಿಂಗಪ್ಪ ಬೇಕೆಂದೇ ಕ್ಲಚ್ ಬಿಡದೆ ಪೇಟೆಯುದ್ದಕ್ಕೂ ತಳ್ಳಿಸಿದ. ಆಹಾ, ಎಂಥ ಸುಖ! ಕೊನೆಗೆ ಬಿಟ್ಟ. ಇಂಜಿನ್ ಹೊರಟಿತು.

“ಸ್ಟಾರ್ಟರ್ ಕೆಟ್ರೂ ಗಾಡಿ ಹೊರಡ್ತದಲ್ವಾ ಗೌಡ್ರೇ?”

“ತಳ್ಳಿದ್ರೆ ಹೊರಡ್ತದೆ. ಅದು ಯಾರಿಗೆ ಗೊತ್ತಿಲ್ಲ?” ಗೌಡರು ಬೀಗರತ್ತ ನೋಡಿ ನಕ್ಕರು.

“ನಂಗೆ ಗೊತ್ತಿರ್ಲಿಲ್ಲ. ನಾನು ನಿಟ್ಟೂರಿನ ಜಟ್ಟಿಂಗ. ವೆಂಕಮ್ಮನ ಗಂಡ.”

ಗೌಡರ ಮುಖ ಬಿಳಿಚಿಕೊಂಡಿತು. “ಯಾರು ಬೀಗರೇ, ವೆಂಕಮ್ಮ ಅಂದ್ರೆ?” ಎಂದು ಬೀಗರು ಕೇಳಿದರು.

ಜಟ್ಟಿಂಗಪ್ಪ ಇಂಜಿನ್ ಆರಿಸಿದ. ಬಾನೆಟ್ ಎತ್ತಿ, ತಂತಿಯ ತುದಿ ಉಜ್ಜಿ ಬಿಗಿ ಮಾಡಿ, ಕೀ ತಿರುಗಿಸಿದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು.

“ಆವತ್ತು ನೀವು ಸುಳ್ಳು ಹೇಳಿದ್ರಿ, ಇವತ್ತು ನಾನು ಹೇಳ್ದೆ. ನನ್ನ ಸುಳ್ಳಿಗೆ ನಿಮ್ಮ ಪಂಚೆ ಕೊಳೆ ಆತು ಗೌಡ್ರೇ. ನಿಮ್ಮ ಸುಳ್ಳಿಗೆ ಎರಡು ಜೀವ ಹೋತು.”